ಸತ್ತವನ ಜೊತೆ ಊಟ

ನಿಂಬೆಹೋಳಿನ ಮೇಲೆ ಕೂತ ನೊಣ ಕಾಲು ಉಜ್ಜಿಕೊಳ್ಳುತ್ತಿದೆ, ಊಟಕ್ಕೆ ಮುಂಚೆ ಕೈ ತೊಳೆಯುವವರ ಹಾಗೆ, ಈ ಮನೆಯಲ್ಲಿ ಅದೊಂದಾದರೂ ತೊಳೆದುಕೊಳ್ಳುತ್ತಿದೆಯಲ್ಲ — ಲಂಫೂನ್ ಕೈ ಬೀಸಿದಳು, ಅದು ಹಾರಿ ನೆಟ್ಟಗೆ ಹಸಿಮೀನಿನ ಬೋಗುಣಿಯ ಅಂಚಿಗೇ ಹೋಗಿ ಕೂತಿತು, ಕೂತುಕೋ, ನೀನೂ ತಿನ್ನು, ಇಲ್ಲಿ ಎಲ್ಲರೂ ತಿನ್ನುವವರೇ. ಮೇಲೆ ಅಟ್ಟಣೆಯ ಮನೆಯಲ್ಲಿ ಗಂಡನ ಅಣ್ಣ ಖಮ್‌ಸಿಂಗ್ ಪೆಟ್ಟಿಗೆಯೊಳಗೆ ಮಲಗಿದ್ದಾನೆ, ಕೆಳಗೆ ಕಂಬಗಳ ನಡುವೆ ಗಂಡಸರು ಇಸ್ಪೀಟಿಗೆ ಕೂತಿದ್ದಾರೆ, ಸಾವಿನ ಮನೆಗೆ ಈ ಸೀಮೆಯಲ್ಲಿ ಒಳ್ಳೆಯ ಮನೆ ಅಂತಲೇ ಹೆಸರು, ಅಳಬಾರದು, ಸತ್ತವನಿಗೆ ಒಂಟಿ ಅನ್ನಿಸಬಾರದು, ನಗಬೇಕು, ಕುಡಿಯಬೇಕು, ಅವನಿಗೆ ಪ್ರಿಯವಾದದ್ದನ್ನು ಮೊದಲು ಅವನ ತಲೆಯ ಬಳಿ ಇಟ್ಟು ಆಮೇಲೆ ಮನೆಯವರೆಲ್ಲ ಅದನ್ನೇ ತಿನ್ನಬೇಕು. ಅವನಿಗೆ ಪ್ರಿಯವಾದದ್ದು ಯಾವುದು? ಕೊಯ್. ಮೆಕಾಂಗ್ ಹೊಳೆಯ ಬಿಳಿಮೀನನ್ನು ಹಸಿಹಸಿಯಾಗಿ ಕೊಚ್ಚಿ ನಿಂಬೆ, ಮೆಣಸಿನಕಾಯಿ, ಪುದೀನ, ಹುರಿದ ಅಕ್ಕಿಪುಡಿ ಕಲಸಿದ ಕೊಯ್. ಅವನನ್ನು ತಿಂದುಹಾಕಿದ್ದು ಯಾವುದು? ಅದೇ. ಥೂ. ಅತ್ತೆ ಬೆಳಗ್ಗೆಯೇ ಅಪ್ಪಣೆ ಕೊಟ್ಟಿದ್ದಾರೆ, ಕೊಯ್ ನಿನ್ನ ಕೈಯಲ್ಲೇ ಆಗಬೇಕು ಕಣೇ, ನಿನ್ನ ಕೈರುಚಿ ಅಂದ್ರೆ ಅವನಿಗೆ ಪ್ರಾಣ. ಪ್ರಾಣವೇ ಹೋಯಿತಲ್ಲ ಅತ್ತೆ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಚೂರಿ ಎತ್ತಿಕೊಂಡಿದ್ದಳು.

ಕೊನೆಕೊನೆಗೆ ಭಾವನ ಕಣ್ಣು ಅರಿಶಿನ, ಉಗುರು ಅರಿಶಿನ, ದಿಂಬಿನ ಮೇಲಿನ ಬೆವರಿನ ಕಲೆಯೂ ಅರಿಶಿನ, ಹೊಟ್ಟೆ ಗುಡಾಣ, ಕೈಕಾಲು ಕಡ್ಡಿ, ಮೈಯೆಲ್ಲ ನವೆ, ಜೋಳದ ದಿಂಡಿನಿಂದ ಬೆನ್ನು ತಿಕ್ಕು ಅನ್ನುವನು, ತಿಕ್ಕಿ ತಿಕ್ಕಿ ಅವನ ಹೆಂಡತಿಯ ಉಗುರುಸಂದಿಯಲ್ಲಿ ಅವನ ಚರ್ಮ, ಅದೇ ಕೈಯಲ್ಲಿ ಅನ್ನ — ಬೇಡ, ನೆನೆಯಬಾರದು — ಪಿತ್ತದ ನಾಳದಲ್ಲಿ ಹುಳ ಸೇರಿ ವರ್ಷಗಟ್ಟಲೆ ಕೂತು ಕ್ಯಾನ್ಸರ್ ಆಗಿದೆ ಅಂದರು ದೊಡ್ಡಾಸ್ಪತ್ರೆಯಲ್ಲಿ, ಯಾರೋ ಮಾಟ ಮಾಡಿಸಿದ್ದಾರೆ ಅಂದರು ಊರಲ್ಲಿ. ಮಾಟವಂತೆ. ಹೋದ ವರ್ಷ ಆರೋಗ್ಯ ಕೇಂದ್ರದ ಹೆಂಗಸು ಊರಿಗೆಲ್ಲ ಮಾತ್ರೆ ನುಂಗಿಸಿ, ಭೇದಿ ಮಾಡಿಸಿ, ಬಿದ್ದದ್ದನ್ನು ಜರಡಿ ಹಿಡಿದು ಬಿಳಿ ತಟ್ಟೆಯಲ್ಲಿ ತೋರಿಸಿರಲಿಲ್ಲವೇ, ಸೌತೆಬೀಜದಂಥ ಹುಳ, ಚಪ್ಪಟೆ, ಕೆಲವು ಇನ್ನೂ ಮಿಸುಕುತ್ತಿದ್ದವು, ಹೊಳೆದಂಡೆಯಲ್ಲಿ ಕಕ್ಕಸಿಗೆ ಕೂರ್ತೀರಿ, ಅದು ನೀರಿಗೆ ಹೋಗುತ್ತೆ, ಬಸವನಹುಳು ತಿನ್ನುತ್ತೆ, ಅದರಿಂದ ಮೀನಿಗೆ, ಮೀನಿಂದ ನಿಮಗೆ, ಬೇಯಿಸಿ ತಿನ್ನಿ ಸಾಕು ಅಂದಳು. ಎಲ್ಲರೂ ಮೂಗು ಮುಚ್ಚಿಕೊಂಡು ಬಗ್ಗಿ ನೋಡಿ ಅಯ್ಯಯ್ಯೋ ಅಂದರು, ಸಂಜೆಗೆ, ಮಾತ್ರೆ ಹೊಟ್ಟೆಯಲ್ಲಿದೆ ಇನ್ನೇನು ಭಯ ಅಂತ ಎರಡು ಪಾಲು ಕೊಯ್ ತಿಂದರು. ಕಟ್ಟಿಸಿಕೊಟ್ಟ ಕಕ್ಕಸಿನಲ್ಲಿ ಕೋಳಿ ಕಾವು ಕೂತಿದೆ, ಜನ ದಂಡೆಗೇ ಹೋಗುತ್ತಾರೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ, ತಮ್ಮದನ್ನೇ ತಾವು ಸುತ್ತಿ ಬಳಸಿ ಚಪ್ಪರಿಸುವ ಜನ, ಹೇಸಿಗೆ ಅಂದರೆ ಹೇಸಿಗೆ. ಗಂಡ ಬುನ್ಲೋಮ್ ಅಂತೂ ಆ ಮಾತ್ರೆಗಳಲ್ಲಿ ಕೆಲವನ್ನು ನುಂಗದೆ ಅಂಗಿಯ ಜೇಬಿನಲ್ಲಿ ತಾಯಿತದಂತೆ ಇಟ್ಟುಕೊಂಡಿದ್ದಾನೆ, ನಿಂಬೆ ಹಿಂಡಿದ್ರೆ ಬೆಂದಹಾಗೇ ಕಣೇ, ಬೆಳ್ಳಗಾಗುತ್ತಲ್ಲ, ಮೇಲೆ ಒಂದು ಲೋಟ ಅಕ್ಕಿಸಾರಾಯಿ ಬಿದ್ರೆ ಯಾವ ಹುಳ ಬದುಕುತ್ತೆ. ಅಂಥವನು ಇವತ್ತು ಬೆಳಗ್ಗೆ ಅಂಗಿ ಬಿಚ್ಚಿ, ಇಲ್ಲೊಂಚೂರು ತುರಿಸು ಅಂದ, ಅವಳು ಅವನನ್ನು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದಳು, ನಿದ್ದೆಗೆಟ್ಟದ್ದೋ ಏನೋ, ಅಲ್ಲ, ಹಳದಿ, ಹಳದಿಯೇ. ಅವಳ ಮುಖ ನೋಡಿ ಅವನಿಗೂ ಗೊತ್ತಾಯಿತು. ಇವತ್ತು ತಿನ್ನಬೇಡಿ ಅಂದಳು, ಆಯ್ತು ಕಣೇ, ಅಣ್ಣನ ಮುಂದೆ ಶಾಸ್ತ್ರಕ್ಕೆ ತುಟಿಗೆ ಮುಟ್ಟಿಸಿ ಬಿಡ್ತೀನಿ, ಕಾರ್ಯ ಮುಗೀಲಿ, ದೊಡ್ಡಾಸ್ಪತ್ರೆಗೆ ಹೋಗೋಣ ಅಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದೇ ಇಲ್ಲ.

ತುಟಿಗೆ ಮುಟ್ಟಿಸಿ ಸುಮ್ಮನಿರುವ ತುಟಿಯೇ ಅದು — ಒಲೆಯ ಮೇಲೆ ಭಿಕ್ಷುಗಳ ಚಹಾಕ್ಕೆ ಇಟ್ಟ ನೀರು ಕೊತಕೊತ ಕುದಿಯುತ್ತಿದೆ, ಹಿತ್ತಿಲಲ್ಲಿ ಯಾರೂ ಇಲ್ಲ, ನಿಂಬೆಯಲ್ಲೂ ಬೆಳ್ಳಗಾಗುತ್ತದೆ ನೀರಲ್ಲೂ ಬೆಳ್ಳಗಾಗುತ್ತದೆ, ಯಾರಿಗೆ ತಿಳಿಯಬೇಕು, ಖಾರ ಜಾಸ್ತಿ ಹಾಕಿದರಾಯಿತು — ಕೊಚ್ಚಿದ್ದನ್ನೆಲ್ಲ ಆ ಕುದಿನೀರಿಗೆ ಸುರಿದೇಬಿಟ್ಟಳು, ಚೆನ್ನಾಗಿ ಬೇಯಲಿ, ಸಾಯಲಿ ಸೌತೆಬೀಜಗಳು, ಬಸಿದು ಆರಿಸಿ ಕಲಸಿ ಮೊದಲ ಬಟ್ಟಲನ್ನು ಮೇಲೆ ಒಯ್ದು ಭಾವನ ತಲೆಯ ಬಳಿ ಇಟ್ಟು ಕೈಮುಗಿದಳು, ತಪ್ಪಾಯಿತು ಭಾವ, ನಿಮ್ಮ ತಮ್ಮನಿಗೋಸ್ಕರ. ಗಂಡಸರು ಇಸ್ಪೀಟು ಬಿಟ್ಟು ಮೇಲೆ ಬಂದರು, ಚಾಪೆಯ ಸುತ್ತ ಕೂತರು, ಅತ್ತೆ ಒಂದು ತುತ್ತು ಬಾಯಿಗಿಟ್ಟರು, ಅಗಿದರು, ಅಗಿಯುವುದನ್ನು ನಿಲ್ಲಿಸಿದರು, ಅಂಗೈಗೆ ಉಗಿದರು. ಇದು ಬೆಂದಿದೆ. ಸತ್ತವನಿಗೆ ಪಥ್ಯದ ಊಟ ಹಾಕ್ತೀಯೇನೇ, ಹಸಿದುಕೊಂಡು ಹೋಗಬೇಕಾ ನನ್ನ ಮಗ. ಪಕ್ಕದ ಮನೆಯ ಸೋಂಪೇಟ್ ಸಾರಾಯಿಯ ನಾತದ ಬಾಯಿ ತೆರೆದ, ಬುನ್ಲೋಮ್, ನಿನಗೆ ಹಲ್ಲಿಲ್ಲ ಅಂದುಕೊಂಡಿದ್ದಾಳೋ ಹೇಗೆ, ನಾಳೆಯಿಂದ ಅನ್ನಾನೂ ಅಗಿದೇ ಕೊಡ್ತಾಳೆ ಬಿಡು. ಎಲ್ಲರೂ ನಕ್ಕರು, ಒಳ್ಳೆಯ ಮನೆಯಲ್ಲವೇ, ನಗಲೇಬೇಕು. ಸುಮ್ಮನಿರಬೇಕಿತ್ತು, ಬಾಯಿ ಮುಚ್ಚಿಕೊಂಡು ಬೈಸಿಕೊಂಡಿದ್ದರೆ ಆಗುತ್ತಿತ್ತು, ಆದರೆ ಹೇಳಿಬಿಟ್ಟಳು, ಅವರ ಕಣ್ಣು ನೋಡಿ ಅತ್ತೆ, ಭಾವನಿಗೆ ಶುರುವಾದ ಹಾಗೇ ಹಳದಿಯಾಗಿದೆ. ನಗು ನಿಂತಿತು. ಒಬ್ಬ ಮಗ ಇನ್ನೂ ಹೊಸ್ತಿಲು ದಾಟಿಲ್ಲ, ಇನ್ನೊಬ್ಬನಿಗೆ ಸಾವು ನುಡೀತೀಯಾ, ಅಂದರು ಅತ್ತೆ. ಎಲ್ಲರೂ ಬುನ್ಲೋಮನ ಕಣ್ಣನ್ನೇ ನೋಡುತ್ತಿದ್ದಾರೆ, ಅವನು ರೆಪ್ಪೆ ಬಡಿಯದೆ ಅವಳನ್ನು ನೋಡುತ್ತಿದ್ದಾನೆ.

ನನಗೇನೂ ಆಗಿಲ್ಲ ಅಂದು ಎದ್ದ. ಕೆಳಗಿಳಿದು ಸಂಜೆಗೆಂದು ಬಕೀಟಿನಲ್ಲಿ ಬಿಟ್ಟಿದ್ದ ಮೀನುಗಳನ್ನು ಹಿಡಿದು, ಅವು ಒದ್ದಾಡುತ್ತಿರುವಾಗಲೇ ಕೊಚ್ಚಿ, ತಾನೇ ಕಲಸಿ ತಂದ, ಬೆಳಗ್ಗೆ ಮೆತ್ತಗಾಗಿದ್ದವನು, ಹೋಗೋಣ ಅಂದವನು, ಎಲ್ಲರೆದುರು ಹೇಳಿ ಅವಳೇ ಅವನನ್ನು ಮೂಲೆಗೆ ನೂಕಿದಳು, ಇನ್ನು ಆಸ್ಪತ್ರೆಗೆ ಹೋದರೆ ಹೆದರಿದ ಹಾಗೆ, ಇನ್ನು ಅವನು ಹೋಗುವುದಿಲ್ಲ, ಸತ್ತರೂ ಹೋಗುವುದಿಲ್ಲ. ಜೇಬಿನಿಂದ ಮಾತ್ರೆ ತೆಗೆದು ಎಲ್ಲರಿಗೂ ಕಾಣುವಂತೆ ಬಟ್ಟಲ ಪಕ್ಕ ಇಟ್ಟ, ಸೋಂಪೇಟ್ ಅವನ ಬೆನ್ನು ತಟ್ಟಿದ, ನವೆಯಿದ್ದ ಜಾಗಕ್ಕೇ ತಟ್ಟಿದ. ಬಿದಿರುಬುಟ್ಟಿಗೆ ಕೈ ಹಾಕಿ ಅಂಟನ್ನ ಕಿತ್ತು ಬೆರಳಲ್ಲಿ ಒತ್ತಿ ಒತ್ತಿ ಉಂಡೆ ಮಾಡುತ್ತಿದ್ದಾನೆ, ಉಂಡೆಯನ್ನು ಕೊಯ್‌ಗೆ ಅದ್ದುತ್ತಿದ್ದಾನೆ, ಉಂಡೆಗೆ ಅಂಟಿ ಬಂದ ಚೂರು ಇನ್ನೂ ಬೆಳ್ಳಗೂ ಆಗಿಲ್ಲ, ಗಾಜಿನಂತಿದೆ, ರಸ ಮಣಿಕಟ್ಟಿಗೆ ಇಳಿಯುತ್ತಿದೆ, ಬೇಡ ಅನ್ನಬೇಕು, ಹೋಗಿ ಕೈ ಹಿಡಿಯಬೇಕು, ಅವನ ಗಂಟಲು ಏರಿ ಇಳಿಯಿತು, ನಿಂಬೆ, ಹುರಿದ ಅಕ್ಕಿ, ಪುದೀನ, ಆ ವಾಸನೆ ಮೂಗಿಗೆ ಬಡಿಯುತ್ತದೆ, ಅವಳ ಬಾಯಲ್ಲಿ ನೀರೂರಿತು, ಥೂ ಇದರ, ನೀರೂರಿತು, ಅವನ ಕೈ ಮತ್ತೆ ಬುಟ್ಟಿಗೆ, ಒತ್ತಿ ಒತ್ತಿ, ಉಂಡೆ, ರಸ ಮಣಿಕಟ್ಟಿಗೆ, ಮತ್ತೆ ಉಂಡೆ, ಅವಳು ಎಂಜಲು ನುಂಗಿದಳು, ಮತ್ತೆ ಉಂಡೆ