ದೇವಪ್ಪನ ಖಾಲಿ ಸಾಲುಗಳು

ಚಂದ್ರಮತಿ ಖಾಲಿ ಜಾಗವನ್ನು ಸಹಿಸುವವಳೇ ಅಲ್ಲ. ಅವಳಿಗೆ ಅನ್ನ ಹಾಕಿದ್ದು ಆ ಗುಣವೇ.

೧೯೬೮ರಲ್ಲಿ ಅವಳು ಮುಂಬೈಯ ಮಿಲ್ಲೊಂದರ ಕಚೇರಿಗೆ ಸೇರಿದಾಗ ಕಂಪ್ಯೂಟರ್ ಅಂದರೆ ಒಂದಿಡೀ ಕೋಣೆ. ಅದಕ್ಕೆ ಹೇಳಬೇಕಾದ್ದನ್ನೆಲ್ಲ ರಟ್ಟಿನ ಕಾರ್ಡಿಗೆ ತೂತು ಹೊಡೆದು ಹೇಳಬೇಕು. ಒಂದು ಕಾರ್ಡಿಗೆ ಎಂಬತ್ತು ಅಕ್ಷರ, ಎಂಬತ್ತೊಂದನೆಯದಕ್ಕೆ ಜಾಗವಿಲ್ಲ. ಇಸವಿಯ ಮೊದಲ ಎರಡು ಅಂಕಿ ಬಿಟ್ಟುಬಿಟ್ಟರೆ ಎರಡು ಅಕ್ಷರದ ಜಾಗ ಉಳಿಯುತ್ತದೆಂದು ತೋರಿಸಿಕೊಟ್ಟು ಅವಳು ಬಡ್ತಿ ಪಡೆದಳು. ಮೊದಲು ಪ್ರೋಗ್ರಾಮರ್ ಆದಳು, ಆಮೇಲೆ ಇಡೀ ವ್ಯವಸ್ಥೆ ಹೇಗಿರಬೇಕೆಂದು ಕಾಗದದ ಮೇಲೆ ಗೆರೆ ಎಳೆದು ಹೇಳುವ ಸಿಸ್ಟಮ್ ಡಿಸೈನರ್ ಆದಳು. ಮಿಲ್ಲು ಮುಚ್ಚಿತು. ೧೯೯೭ರಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಕಟ್ಟಿಕೊಂಡು ಕೋಟೇಶ್ವರಕ್ಕೆ ಬಂದು ಮನೆ ಮಾಡಿದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಲು ಬಂದವರಿಗೆ ರಟ್ಟಿನ ಕಾರ್ಡಿನ ವಿಷಯ ಹೇಳುತ್ತಿದ್ದಳು. ಕೇಳಿದವರು ಕಾಫಿ ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದರು.

ಎದ್ದು ಹೋಗದೆ ಕೂತವರು ರಾಜೀವ. ಬೈಂದೂರು ಕಡೆಯ ದೇವಸ್ಥಾನವೊಂದರ ಆಡಳಿತ ನೋಡಿಕೊಳ್ಳುವ ಮೊಕ್ತೇಸರರು. ಆ ದೇವಸ್ಥಾನಕ್ಕೊಂದು ಯಕ್ಷಗಾನ ಮೇಳವಿತ್ತು. ಕಾಯಿಲೆ ಗುಣವಾದರೆ, ಮಗುವಾದರೆ ಮೇಳದಿಂದ ಒಂದು ರಾತ್ರಿಯ ಆಟ ಆಡಿಸುತ್ತೇನೆಂದು ಜನ ಹರಕೆ ಹೊರುತ್ತಿದ್ದರು. ಮೇಳ ಒಂದೇ, ವರ್ಷಕ್ಕೆ ನೂರೆಪ್ಪತ್ತು ದಿನ ತಿರುಗಾಟ. ಹಾಗಾಗಿ ಹರಕೆ ಹೊತ್ತವರು ಸರದಿಗೆ ಕಾಯಬೇಕಿತ್ತು. ಆ ಸರದಿಯನ್ನು ಕಂಪ್ಯೂಟರಿಗೆ ಹಾಕಿಕೊಡಬೇಕೆಂದು ರಾಜೀವ ಕೇಳಿಕೊಂಡರು.

ಪುಸ್ತಕ ಇದ್ದದ್ದು ಗುಮಾಸ್ತ ದೇವಪ್ಪನ ಕೈಯಲ್ಲಿ. ಬಿಜೂರಿನವನು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಚಂದ್ರಮತಿ ಕೊನೆಯ ಹಾಳೆ ತೆಗೆದು ನೋಡಿದರೆ ಅಲ್ಲಿ ಆಟದ ಇಸವಿ ೨೦೧೪ ಎಂದು ದುಂಡಗೆ ಬರೆದಿತ್ತು.

"ಹ್ವಾಯ್ ದೇವಪ್ಪಣ್ಣ, ನೀವ್ ಎರಡ್ ಸಾವಿರ ದಾಟಿದ್ದ್ ಯಾವಾಗ?"

"ಎಂಬತ್ತಾರ್ರಂಗೇ ದಾಟಿತ್ ಚಂದ್ರಕ್ಕ. ಎಂತಕ್ಕೆ?"

ಅವಳು ಬಿದ್ದು ಬಿದ್ದು ನಕ್ಕಳು. ಎರಡೇ ಅಂಕಿಯ ಇಸವಿ ಇಟ್ಟುಕೊಂಡ ಕಂಪ್ಯೂಟರುಗಳಿಗೆ ೨೦೦೦ ಬಂದರೆ ಏನು ಗತಿಯೋ ಎಂದು ಆಗ ಲೋಕವೆಲ್ಲ ತಲೆ ಮೇಲೆ ಕೈ ಹೊತ್ತಿತ್ತು. ಇಲ್ಲೊಬ್ಬ ಪೆನ್ಸಿಲು ಹಿಡಿದು ಆ ಹೊಳೆಯನ್ನು ಹನ್ನೊಂದು ವರ್ಷ ಮೊದಲೇ ದಾಟಿ ಆಚೆ ದಡದಲ್ಲಿ ಕೂತಿದ್ದ. ನಕ್ಕು ಮುಗಿದ ಮೇಲೆ ಅವಳಿಗೆ ಸ್ವಲ್ಪ ನಾಚಿಕೆಯೂ ಆಯಿತು.

ಆದರೆ ಪುಸ್ತಕದಲ್ಲಿ ಪ್ರತಿ ಹತ್ತನೆಯ ಸಾಲು ಖಾಲಿಯಿತ್ತು. ತಾರೀಕು ಉಂಟು, ಹೆಸರಿಲ್ಲ.

"ಇದೆಂತ, ಹತ್ತ್ ಸಾಲಿಗೊಂದ್ ಖಾಲಿ?"

"ಸುಮ್ನೆ. ಇರ್ಲಿ ಅಂದೇಳಿ ಬಿಟ್ಟದ್."

ದೇವಪ್ಪ ಮೊಕ್ತೇಸರರ ಕಡೆ ಒಮ್ಮೆ ನೋಡಿ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡ. ಇಂಥ 'ಸುಮ್ನೆ'ಗಳನ್ನು ಚಂದ್ರಮತಿ ಮುಂಬೈಯಲ್ಲಿ ಬೇಕಾದಷ್ಟು ಕೇಳಿದ್ದಳು. ಅವಳ ಲೆಕ್ಕದಲ್ಲಿ ಅದರ ಅರ್ಥ ಸೋಮಾರಿತನ. ಒಂದು ಖಾಲಿ ತಾರೀಕಿಗೆ ತನ್ನದೇ ಹೆಸರು, ವಿಳಾಸ ಹಾಕಿ ಪ್ರೋಗ್ರಾಮ್ ಓಡುತ್ತದೋ ಇಲ್ಲವೋ ಎಂದು ಪರೀಕ್ಷಿಸಿದಳು. ಓಡಿತು. ಉಳಿದ ಖಾಲಿ ಸಾಲುಗಳಿಗೆಲ್ಲ ಹಿಂದಿನವರು ಒಬ್ಬೊಬ್ಬರಾಗಿ ಮೇಲೆ ಸರಿದರು. ೨೦೧೪ಕ್ಕೆ ಕಾಯುತ್ತಿದ್ದವರಿಗೆ ೨೦೧೨ಕ್ಕೇ ತಾರೀಕು ಸಿಕ್ಕಿತು. ಎರಡು ತಿಂಗಳು ಮೊದಲು ಹರಕೆಯ ಮನೆಗೆ ನೆನಪಿನ ಕಾರ್ಡು ಹೋಗುವಂತೆಯೂ ಮಾಡಿಕೊಟ್ಟಳು. ಊರಿಗೆ ಊರೇ ಹೊಗಳಿತು, ಶಾಲು ಹೊದೆಸಿತು. ದೇವಪ್ಪನೂ ಚಪ್ಪಾಳೆ ತಟ್ಟಿದ. ಅವನ ಹರಕೆಯೂ ಆ ಪಟ್ಟಿಯಲ್ಲಿತ್ತು. ಹೆಂಡತಿ ಸರಸ ಹೊಟ್ಟೆಯ ಆಪರೇಶನ್ನಿನಿಂದ ಬದುಕಿ ಬಂದಾಗ ಹೊತ್ತದ್ದು, ಎಲ್ಲರ ಹಾಗೆ ಸಾಲಿನ ಕೊನೆಯಲ್ಲೇ ಬರೆದುಕೊಂಡದ್ದು. ಅದರ ತಾರೀಕು ೨೦೧೨ರ ಮಾರ್ಚಿಗೆ ಬಂದಿತ್ತು.

ದೇವಪ್ಪ ನಿವೃತ್ತನಾದ. ಪಟ್ಟಿ ತನ್ನಷ್ಟಕ್ಕೆ ಉದ್ದವಾಗುತ್ತ ಹೋಯಿತು. ಚಂದ್ರಮತಿ ವರ್ಷಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ಆ ವರ್ಷ ಹೊಸದಾಗಿ ಸೇರಿದ ಸಾಲುಗಳನ್ನಷ್ಟೇ ಪ್ರಿಂಟ್ ಮಾಡಿ, ತಪ್ಪಿಲ್ಲವೆಂದು ಸಹಿ ಹಾಕಿ ಬರುತ್ತಿದ್ದಳು.

೨೦೦೯ರ ನವೆಂಬರಿನಲ್ಲಿ ಅವಳು ಹಾಗೆ ಕೂತಿದ್ದಾಗ ಶಿರೂರಿನ ಮಂಜ ಬಂದ. ತಾಯಿ ಕಮಲಜ್ಜಿಗೆ ಎಂಬತ್ತನಾಲ್ಕು, ಡಾಕ್ಟರು ಕೈಬಿಟ್ಟಿದ್ದಾರೆ. ಅಜ್ಜಿಯ ಹರಕೆಗೆ ಇನ್ನೂ ಒಂಬತ್ತು ವರ್ಷ ಇತ್ತು.

"ಹಿಂದೆಲ್ಲ ಹೀಂಗಿದ್ದರಿಗೆ ದೇವಪ್ಪಣ್ಣ ಒಂದ್ ಖಾಲಿ ಸಾಲ್ ಕೊಡ್ತಿದ್ರ್ ಅಂಬ್ರಲೆ?" ಎಂದು ಅವನು ಕೇಳಿದ.

"ಖಾಲಿ ಸಾಲ್ ಇಲ್ಲ," ಅಂದಳು ಚಂದ್ರಮತಿ. ಬಾಯಿಂದ ಹೊರಬಿದ್ದ ಮೇಲೆ ಆ ಮಾತು ಅವಳಿಗೇ ಚುಚ್ಚಿತು.

ಮಂಜ ಮೆಟ್ಟಿಲಿಳಿದು ಹೋದ. ಅವಳು ಪ್ರಿಂಟರನ್ನು ನಿಲ್ಲಿಸಿ ಕೂತಳು. ಸಾಯಲಾದವರು ತಮ್ಮ ಹರಕೆಯ ಆಟವನ್ನು ಕಣ್ಣಾರೆ ನೋಡಲಿ ಎಂದು ದೇವಪ್ಪ ಬಿಟ್ಟ ಜಾಗವದು. ಮೊಕ್ತೇಸರರ ಎದುರು ಹೇಳಿದರೆ ಸರದಿ ತಪ್ಪಿಸಿದ ಗುಮಾಸ್ತನೆಂಬ ಹೆಸರು ಬರುತ್ತಿತ್ತು, ಅವನು ಹೇಳಲಿಲ್ಲ. ಅವಳೂ ಎರಡನೇ ಸಲ ಕೇಳಲಿಲ್ಲ. ಒಂದು ಪ್ರಶ್ನೆ ಹೆಚ್ಚು ಕೇಳುವುದೇ ಅವಳ ಕೆಲಸವಾಗಿತ್ತು, ಅದನ್ನೇ ಮಾಡಿರಲಿಲ್ಲ. ಇದನ್ನು ಅವಳಿಗೆ ಸಹಿಸಲಾಗಲಿಲ್ಲ.

ದೇವಪ್ಪನ ಎರಡೂ ಕಿಡ್ನಿ ಹೋಗಿವೆ ಎಂಬ ಸುದ್ದಿ ಗೊತ್ತಾದದ್ದು ಅದೇ ವಾರ. ವಾರಕ್ಕೆರಡು ಸಲ ಬ್ರಹ್ಮಾವರದ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದಾನೆ, ಇನ್ನೊಂದು ಮಳೆಗಾಲ ಕಳೆಯುವುದು ಕಷ್ಟ ಎಂದು ಜನ ಹೇಳಿದರು. ೨೦೧೨ರ ಮಾರ್ಚಿಗೆ ಎರಡು ವರ್ಷಕ್ಕಿಂತ ಹೆಚ್ಚಿತ್ತು. ಆ ತಾರೀಕು ಕೊಟ್ಟವಳು ಅವಳೇ.

ಡಿಸೆಂಬರಿನಲ್ಲಿ ಅಂಚೆಯವನು ಒಂದು ಕಾರ್ಡು ತಂದುಕೊಟ್ಟ. "ಚಂದ್ರಮತಿಯವರಿಗೆ, ತಮ್ಮ ಹರಕೆಯ ಆಟ ಬರುವ ಫೆಬ್ರವರಿ ಹನ್ನೆರಡಕ್ಕೆ ನಿಗದಿಯಾಗಿದೆ." ಅವಳು ಎರಡು ಸಲ ಓದಿದಳು. ಹನ್ನೆರಡು ವರ್ಷದ ಹಿಂದೆ ಪರೀಕ್ಷೆಗೆಂದು ಹಾಕಿ ಅಳಿಸಲು ಮರೆತ ಸಾಲು! ಹೊಸದಾಗಿ ಸೇರಿದ ಹುಡುಗಿಯರು ಇಂಥ ತಪ್ಪು ಮಾಡಿದರೆ ಮುಂಬೈಯಲ್ಲಿ ಅವಳು ಮುಖ ಮೂತಿ ನೋಡದೆ ಬೈಯುತ್ತಿದ್ದಳು. ಈಗ ಕಾರ್ಡನ್ನು ಸೆರಗಿನಲ್ಲಿ ಒರೆಸಿ, ಮಧ್ಯಾಹ್ನದ ಬಸ್ಸಿಗೇ ಬಿಜೂರಿಗೆ ಹೊರಟಳು.

ದೇವಪ್ಪ ಜಗಲಿಯ ಮಂಚದಲ್ಲಿ ಒರಗಿ ಕೂತಿದ್ದ. ಕಾಲು ಬಾತಿತ್ತು. ಪೆನ್ಸಿಲು ಮಾತ್ರ ಕಿವಿಯ ಮೇಲೇ ಇತ್ತು.

"ಕೂಕಣಿ ಚಂದ್ರಕ್ಕ," ಎಂದು ಪಕ್ಕದ ಕುರ್ಚಿ ತೋರಿಸಿದ. ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಮೆಲ್ಲಗೆ ನಕ್ಕ. "ಬಂತಾ ಅಂತೂ? ಇದ್ ನಂಗ್ ಗೊತ್ತಿತ್ತ್ ಮಾರಾಯ್ರೆ. ನನ್ ಪುಸ್ತಕಕ್ಕೂ ನಿಮ್ಮ ಪಟ್ಟಿಗೂ ತಾಳೆ ಹಾಕುವತಿಗೆ ಒಂದ್ ಸಾಲ್ ಹೆಚ್ಚ್ ಕಂಡಿತ್."

"ಹಂಗಾರ್ ಎಂತಕ್ಕೆ ಹೇಳ್ಲಿಲ್ಲ?"

"ಹೇಳಿರೆ ನೀವ್ ಅಳಿಸ್ತಿದ್ರಿ. ಅದೊಂದಾದ್ರೂ ಉಳೀಲಿ ಅಂದೇಳಿ ಸುಮ್ನಾದೆ."

ಚಂದ್ರಮತಿ ಕಣ್ಣು ಒರೆಸಿಕೊಂಡಳು. "ತಪ್ಪ್ ನಂದ್ ದೇವಪ್ಪಣ್ಣ. ಇದ್ ನಿಮ್ದೇ. ಫೆಬ್ರವರಿಗೆ ನಿಮ್ಮ ಆಟ ಆಯ್ಲಿ."

ಬಾಗಿಲಲ್ಲಿ ನಿಂತಿದ್ದ ಸರಸ ಗಂಡನ ಮುಖ ನೋಡಿದಳು. ಅವಳಿಗೆ ಏನು ಬೇಕಿತ್ತೆಂದು ಮೂವರಿಗೂ ಗೊತ್ತಿತ್ತು.

ದೇವಪ್ಪ ಕಾರ್ಡನ್ನು ಇನ್ನೊಮ್ಮೆ ಓದಿದ. ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

"ನಾನ್ ಆ ಕುರ್ಚಿಯಗ್ ಕೂತ್ಕಂಡ್ ಇನ್ನೂರೈವತ್ತ್ ಜನಕ್ಕೆ ಖಾಲಿ ಸಾಲ್ ಕೊಟ್ಟಿದೆ. ನನ್ನ ಮನಿಗೆ ಒಂದೂ ತಕಣ್ಲಿಲ್ಲ. ತಕಂಡಿರೆ ಅದ್ ಕಳ್ತನವೇ ಆತಿತ್ತ್ ಚಂದ್ರಕ್ಕ. ಶಿರೂರಿನ ಮಂಜ ನನ್ನತ್ರವೂ ಬಂದಿದ್ದ. ಆ ಅಜ್ಜಿ ಹೆಸರ್ ಬರ್ಕಣಿ." ಕಿವಿಯಿಂದ ಪೆನ್ಸಿಲು ತೆಗೆದು ಅವಳ ಕೈಗೆ ಕೊಟ್ಟ.

ಸರಸ ಒಳಗೆ ಹೋದಳು. ಚಂದ್ರಮತಿ ತನ್ನ ಹೆಸರು ಹೊಡೆದುಹಾಕಿ ಅದೇ ಕಾರ್ಡಿನಲ್ಲಿ 'ಕಮಲ, ಶಿರೂರು' ಎಂದು ಬರೆದಳು.

ಫೆಬ್ರವರಿ ಹನ್ನೆರಡಕ್ಕೆ ಕಮಲಜ್ಜಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ತನ್ನ ಆಟ ನೋಡಿದಳು. ದೇವಪ್ಪ ಆಷಾಢದಲ್ಲಿ ತೀರಿಕೊಂಡ. ೨೦೧೨ರ ಮಾರ್ಚಿನಲ್ಲಿ ಸರಸ ಒಬ್ಬಳೇ ಹರಕೆಯ ಪ್ರಸಾದ ತೆಗೆದುಕೊಂಡಳು. ಚಂದ್ರಮತಿಯೂ ಹೋಗಿದ್ದಳು. ಸರಸ ಅವಳನ್ನು ಮಾತಾಡಿಸಲಿಲ್ಲ, ಚಂದ್ರಮತಿ ಬೇಸರಿಸಲೂ ಇಲ್ಲ.

ಅಷ್ಟರಲ್ಲಿ ಅವಳು ಪ್ರೋಗ್ರಾಮನ್ನು ತಿದ್ದಿದ್ದಳು. ಒಮ್ಮೆ ಕೊಟ್ಟ ತಾರೀಕನ್ನು ಕಿತ್ತುಕೊಳ್ಳುವ ಹಾಗಿರಲಿಲ್ಲ, ಪಟ್ಟಿ ೨೦೩೧ರ ತನಕ ಭರ್ತಿಯಾಗಿತ್ತು. ಹೊಸ ಲೆಕ್ಕದ ಮೊದಲ ಖಾಲಿ ಸಾಲು ಬಿದ್ದದ್ದು ೨೦೩೨ರಲ್ಲಿ. ಆಗ ಅವಳು ಬದುಕಿದ್ದರೆ ಅವಳಿಗೆ ಎಂಬತ್ತಾರು.

ಪ್ರೋಗ್ರಾಮ್ ತಿದ್ದಿದ ವರ್ಷದ ಪ್ರಿಂಟನ್ನು ಕೈಯಲ್ಲಿ ಹಿಡಿದು ರಾಜೀವ ಕನ್ನಡಕ ಸರಿಮಾಡಿಕೊಂಡರು.

"ಇದೆಂತ ಚಂದ್ರಕ್ಕ, ಕೊನಿ ಹಾಳೆಯಗೆ ಹತ್ತ್ ಸಾಲಿಗೊಂದ್ ಖಾಲಿ?"

ಚಂದ್ರಮತಿ ಕಿವಿಯ ಮೇಲಿದ್ದ ಪೆನ್ಸಿಲನ್ನು ಮುಟ್ಟಿ ನೋಡಿಕೊಂಡಳು.

"ಸುಮ್ನೆ," ಅಂದಳು. "ಇರ್ಲಿ ಅಂದೇಳಿ ಬಿಟ್ಟದ್."