ಫೆಬ್ರವರಿ ಮೂವತ್ತು

ನಮ್ಮ ಭಾವನಿಗೆ ಗೊತ್ತಿದ್ದದ್ದು ಒಂದೇ ಒಂದು ಜೋಕು. ಅದನ್ನೇ ವರ್ಷಗಟ್ಟಲೆ ನನ್ನ ಮೇಲೆ ಪ್ರಯೋಗಿಸಿದರು. ನಾನು ಅವರ ಕನ್ನಡಕದ ಅಂಗಡಿಗೆ ಹೋಗಿ, ಗಲ್ಲಾಪೆಟ್ಟಿಗೆಯ ಹಿಂದಿನ ಗಾಜಿನ ಬೀರುವಿನ ಕಡೆ ಕೈ ತೋರಿಸಿ, "ಭಾವ, ಅಪ್ಪನ ವಾಚು ಕೊಡಿ" ಅನ್ನಬೇಕು. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅಂಗಡಿಗೆಲ್ಲ ಕೇಳುವ ಹಾಗೆ, "ಕೊಡ್ತೀನಿ ತಾಯಿ, ಕೊಡದೆ ಎಲ್ಲಿಗೆ ಹೋಗ್ಲಿ? ಫೆಬ್ರವರಿ ಮೂವತ್ತಕ್ಕೆ ಬಾ" ಅನ್ನಬೇಕು. ಗಿರಾಕಿಗಳು ನಗಬೇಕು. ಅಕ್ಕ ತಲೆ ಎತ್ತದೆ ಯಾವುದೋ ಫ್ರೇಮಿನ ತಿರುಪು ಬಿಗಿ ಮಾಡುತ್ತ ಕೂತಿರಬೇಕು. ನಾನು ಹಲ್ಲು ಕಚ್ಚಿಕೊಂಡು ವಾಪಸ್ಸು ಬರಬೇಕು.

ಆ ವಾಚಿನ ವಿಷಯ ಹೇಳಿಬಿಡುತ್ತೇನೆ. ನಮ್ಮಪ್ಪ ಬೇಕರಿಯಲ್ಲಿ ಒಲೆಯ ಮೇಸ್ತ್ರಿಯಾಗಿದ್ದರು. ಡಿಜಿಟಲ್ ವಾಚುಗಳು ಆಗಷ್ಟೇ ಕಣ್ಣುಬಿಡುತ್ತಿದ್ದ ಕಾಲದಲ್ಲಿ ಮಾಲೀಕರು ಮೆಚ್ಚಿ ಕೊಟ್ಟದ್ದು ಅದು. ಮುಖವೆಲ್ಲ ಕಡುಗೆಂಪು ಗಾಜು, ಸುಮ್ಮನೆ ನೋಡಿದರೆ ಏನೂ ಕಾಣದು. ಪಕ್ಕದ ಗುಂಡಿ ಒತ್ತಿದರೆ ಮಾತ್ರ ಕೆಂಡದಂಥ ಅಂಕಿಗಳು ಹೊತ್ತಿಕೊಳ್ಳುತ್ತಿದ್ದವು, ಬೆರಳು ತೆಗೆದರೆ ಆರಿಹೋಗುತ್ತಿದ್ದವು. ಅಂದರೆ ಗಂಟೆ ನೋಡುವುದಕ್ಕೆ ಇನ್ನೊಂದು ಕೈ ಬೇಕೇ ಬೇಕು. ಅಪ್ಪನ ಆ ಕೈಯೋ ಮೊಣಕೈವರೆಗೂ ಹಿಟ್ಟು. ಹಾಗಾಗಿ ಶಾಲೆ ಬಿಟ್ಟ ಮೇಲೆ ನಾನೇ ಅವರ ಇನ್ನೊಂದು ಕೈ. ಮಣಿಕಟ್ಟು ಚಾಚಿ, "ಒತ್ತು ಮಗಳೇ" ಅನ್ನುತ್ತಿದ್ದರು. ನಾನು ಒತ್ತಿ, ಬೇಕರಿ ಹಾರಿಹೋಗುವ ಹಾಗೆ ಗಂಟೆ ಕೂಗುತ್ತಿದ್ದೆ. ಇವತ್ತು ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಬಸ್ಸುಗಳ ವೇಳೆ ಕೂಗುವುದೇ ನನ್ನ ನೌಕರಿ. ಅದರ ತರಬೇತಿ ಆದದ್ದು ಆ ಒಲೆಯ ಮುಂದೆ.

ಅಪ್ಪ ತೀರಿಕೊಂಡ ಮೇಲೆ ಹಿರಿಯರೆಲ್ಲ ಸೇರಿ, "ಗಂಡಸರ ವಾಚು, ಗಂಡಸಿನ ಕೈಗೇ ಹೋಗ್ಲಿ" ಎಂದು ಅದನ್ನು ದೊಡ್ಡ ಅಳಿಯನಿಗೆ ದಾಟಿಸಿದರು. ಭಾವ ಅದನ್ನು ಕಟ್ಟಿಕೊಂಡಿದ್ದರೆ ನನ್ನ ಹೊಟ್ಟೆ ಅಷ್ಟು ಉರಿಯುತ್ತಿರಲಿಲ್ಲ. ಅವರು ಬೀರುವಿನಲ್ಲಿಟ್ಟು ಬೀಗ ಜಡಿದರು. ಒಳಗೆ ಹಳೆಯ ಸೆಲ್ಲುಗಳು ಹಾಗೇ ಇದ್ದವು. ಸತ್ತ ಸೆಲ್ಲು ಸುಮ್ಮನಿರುವುದಿಲ್ಲ, ಒಸರುತ್ತದೆ, ತಾಮ್ರವನ್ನು ತಿನ್ನುತ್ತದೆ, ಕೊನೆಗೆ ವಾಚನ್ನೇ ತಿಂದು ಮುಗಿಸುತ್ತದೆ. ಹೇಳಿದರೆ ಭಾವ, "ಬೀಗ ಹಾಕಿದ ಬೀರುಲಿ ಯಾರೇ ತಿಂತಾರೆ?" ಎಂದು ನಕ್ಕರು.

ಅದೇ ಸಿಟ್ಟಿಗೆ ಒಂದು ದಿನ ಗುಜರಿ ಅಂಗಡಿಯಲ್ಲಿ ಕೆಟ್ಟುಹೋದ ಡಿಜಿಟಲ್ ವಾಚೊಂದನ್ನು ಕೊಂಡು ತಂದೆ. ಬಿಚ್ಚಿ, ಒರೆಸಿ, ಹೊಸ ಸೆಲ್ಲು ಹಾಕಿದೆ. ಅಂಕಿಗಳು ಮೂಡಿದಾಗ ಅಡುಗೆಮನೆಯಲ್ಲಿ ಕುಣಿದೆ. ಅಲ್ಲಿಂದ ಶುರುವಾದ ಹುಚ್ಚು ಇಳಿಯಲೇ ಇಲ್ಲ. ಕ್ಯಾಲ್ಕ್ಯುಲೇಟರ್ ಇರುವ ವಾಚು, ಹಾಡು ಹೇಳುವ ವಾಚು, ಥರ್ಮಾಮೀಟರ್ ವಾಚು, ಎಲ್ಲವೂ ಕ್ವಾರ್ಟ್ಜ್, ಎಲ್ಲವೂ ನನಗಿಂತ ಸ್ವಲ್ಪವೇ ಚಿಕ್ಕವು. ನನ್ನ ಗಂಡ ಪಾತ್ರೆ ಇಡುವ ಕಪಾಟನ್ನು ವಾಚುಗಳಿಗೆ ಬಿಟ್ಟುಕೊಟ್ಟು, "ಇನ್ಮೇಲೆ ಊಟ ವಾಚಿನ ಮೇಲೇ ಬಡಿಸು" ಎಂದರು. ಅಷ್ಟಾದರೂ ಅಪ್ಪನದು ಮಾತ್ರ ಬೀರುವಿನಲ್ಲೇ ಕೊಳೆಯುತ್ತಿತ್ತು.

ನಮ್ಮಂಥವರ ಮನೆಯಲ್ಲಿ ಮಾರ್ಚ್ ಒಂದನೇ ತಾರೀಕಿನ ಬೆಳಿಗ್ಗೆ ಒಂದು ಕೆಲಸ ತಪ್ಪದು. ಆ ಕಾಲದ ವಾಚುಗಳಿಗೆ ವರ್ಷ ಯಾವುದೆಂದು ತಿಳಿಯದು. ಕೆಲವಕ್ಕೆ ಫೆಬ್ರವರಿ ಎಂದರೆ ಯಾವಾಗಲೂ ಇಪ್ಪತ್ತೆಂಟೇ ದಿನ, ಕೆಲವಕ್ಕೆ ಇಪ್ಪತ್ತೊಂಬತ್ತೇ. ಎದ್ದ ಕೂಡಲೇ ಕಪಾಟು ತೆರೆದು, ತಪ್ಪಿದವನ್ನೆಲ್ಲ ಸಾಲಾಗಿ ತಿದ್ದಬೇಕು. ತಪ್ಪು ತಾರೀಕು ಕಂಡರೆ ನಮ್ಮ ಕೈ ಕಡಿಯುತ್ತದೆ. ಮುಚ್ಚಿಹೋದ ಸ್ಟೇಷನರಿ ಅಂಗಡಿಯಿಂದ ತಂದಿದ್ದ ಒಂದು ಬೂದು ಬಣ್ಣದ ಪ್ಲಾಸ್ಟಿಕ್ ವಾಚನ್ನೂ ಕಳೆದ ಎರಡು ವರ್ಷ ಹಾಗೇ ಇಪ್ಪತ್ತೊಂಬತ್ತರಿಂದ ಮಾರ್ಚ್ ಒಂದಕ್ಕೆ ತಿದ್ದುತ್ತಿದ್ದೆ. ನೋಡಲು ಬಡಪಾಯಿ, ಯಾರೂ ಮೂಸಿ ನೋಡದಂಥದ್ದು.

ಈ ವರ್ಷ ನನ್ನ ಜೊತೆಯವಳು ಹೆರಿಗೆ ರಜೆಗೆ ಹೋಗಿದ್ದಳು. ಫೆಬ್ರವರಿಯ ಕೊನೆಗೆ ಎರಡು ಪಾಳಿ ನನ್ನ ಮೇಲೇ ಬಿತ್ತು, ಕಪಾಟಿನ ಕಡೆ ತಿರುಗಿ ನೋಡಲೂ ಆಗಲಿಲ್ಲ. ಮಾರ್ಚ್ ಎರಡರ ಬೆಳಿಗ್ಗೆ ಕಪಾಟು ತೆರೆದು, ಬೂದು ವಾಚನ್ನು ಎತ್ತಿಕೊಂಡು, ತಿದ್ದುವ ಗುಂಡಿಯ ಮೇಲೆ ಬೆರಳಿಟ್ಟೆ. ತಿಂಗಳು ಎರಡು, ತಾರೀಕು ಮೂವತ್ತು.

ವಾಚು ಕೂಡಿಡುವವರ ನಡುವೆ ಒಂದು ಸುದ್ದಿ ಓಡಾಡುತ್ತಿತ್ತು. ಯಾವುದೋ ಸಣ್ಣ ಕಾರ್ಖಾನೆಯಲ್ಲಿ ವಾಚಿನ ಎಲೆಕ್ಟ್ರಾನಿಕ್ ಚಿಪ್ ಮಾಡಿದವನೊಬ್ಬ ಫೆಬ್ರವರಿಗೆ ಮೂವತ್ತು ದಿನ ಕೊಟ್ಟುಬಿಟ್ಟಿದ್ದನಂತೆ, ಗೊತ್ತಾದ ಕೂಡಲೇ ಎಲ್ಲವನ್ನೂ ವಾಪಸ್ಸು ತರಿಸಿ ಪುಡಿ ಮಾಡಿದ್ದರಂತೆ. ಅಂಥದ್ದೊಂದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಕಾಣುವುದಾದರೂ ಹೇಗೆ? ಇಪ್ಪತ್ತೊಂಬತ್ತು ಕಂಡ ಕೂಡಲೇ ತಿದ್ದಿಬಿಡುವ ಜಾಣರು ನಾವು! ನಮ್ಮ ಶಿಸ್ತೇ ನಮ್ಮ ಕಣ್ಣಿಗೆ ಮಣ್ಣೆರಚಿತ್ತು.

ಬೇರೆ ಯಾರಿಗಾದರೂ ಆ ಗಳಿಗೆಯಲ್ಲಿ ಪ್ರಪಂಚದ ಅಪರೂಪದ ವಾಚು ಸಿಕ್ಕಿತೆಂದು ಅನಿಸುತ್ತಿತ್ತೇನೋ. ನನಗೆ ಅನಿಸಿದ್ದು ಒಂದೇ: ಭಾವ, ಸಿಕ್ಕಿಬಿದ್ರಿ! ವಾಚು ರಿಪೇರಿಯ ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಅಂಗಡಿಯಲ್ಲಿ ಭಾವ ಡ್ರಾಯಿಂಗ್ ಮೇಷ್ಟ್ರೊಬ್ಬರ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಮೇಷ್ಟ್ರ ಮೂಗಿನ ಮೇಲೆ ಗಾಜು ಬದಲಿಸುವ ದೊಡ್ಡ ಕಬ್ಬಿಣದ ಫ್ರೇಮು ಕೂತಿತ್ತು. ಅಕ್ಕ ಎಂದಿನಂತೆ ತಿರುಪು ಬಿಗಿ ಮಾಡುತ್ತಿದ್ದಳು.

"ಭಾವ, ಅಪ್ಪನ ವಾಚು ಕೊಡಿ."

"ಕೊಡ್ತೀನಿ ತಾಯಿ. ಫೆಬ್ರವರಿ ಮೂವತ್ತಕ್ಕೆ ಬಾ."

"ಬಂದಿದೀನಿ" ಎಂದು ಬೂದು ವಾಚನ್ನು ಅವರ ಮುಂದಿಟ್ಟೆ.

ಭಾವ ನೋಡಿದರು, ಕನ್ನಡಕ ಏರಿಸಿ ಮತ್ತೆ ನೋಡಿದರು. "ಇದೇನು ಮಹಾ, ನೀನೇ ತಿರುಗಿಸಿ ಇಟ್ಕೊಂಡು ಬಂದಿದೀಯ."

"ಹಾಗಾದ್ರೆ ನೀವೇ ತಿರುಗಿಸಿ. ಇಪ್ಪತ್ತೆಂಟಕ್ಕಿಟ್ಟು, ಮಧ್ಯರಾತ್ರಿಗೆ ಒಂದು ನಿಮಿಷ ಇರೋ ಹಾಗೆ ಮಾಡಿ. ನಾನು ಮುಟ್ಟಲ್ಲ."

ಭಾವ ತಿರುಗಿಸಿದರು. ನಿಮಿಷ ಕಳೆದು ಇಪ್ಪತ್ತೊಂಬತ್ತು ಬಂತು. "ಇದು ಲೀಪ್ ವರ್ಷದ್ದು, ಎಲ್ಲಾ ವಾಚಲ್ಲೂ ಇರುತ್ತೆ" ಎಂದು ಮೂಗು ಮುರಿದರು. ಮತ್ತೆ ಮಧ್ಯರಾತ್ರಿಯ ಹೊಸ್ತಿಲಿಗೆ ತಂದರು. ಮುದುಕ ವಾಚು, ಈ ಒಂದು ನಿಮಿಷದಲ್ಲಿ ಸೆಲ್ಲು ಕೈಕೊಟ್ಟರೆ? ಚಿಪ್ಪಿಗೆ ಇದ್ದಕ್ಕಿದ್ದಂತೆ ಬುದ್ಧಿ ಬಂದುಬಿಟ್ಟರೆ? ಹಾಗೇನಾದರೂ ಆದರೆ ಭಾವನಿಗೆ ಇನ್ನೊಂದು ಜೋಕು ಸಿಗುತ್ತಿತ್ತು, ಅಪ್ಪನ ವಾಚು ಕೊಳೆತು ಹೋಗುತ್ತಿತ್ತು.

ಅಂಕಿ ಬದಲಾಯಿತು. ಭಾವ ವಾಚನ್ನು ಬೆಳಕಿಗೆ ಹಿಡಿದು ಅತ್ತಿತ್ತ ಹೊರಳಿಸಿದರು.

"ನನಗೆ ಕೊಡ್ರಿ ಇಲ್ಲಿ" ಎಂದು ಮೇಷ್ಟ್ರು ಅದನ್ನು ಕಿತ್ತುಕೊಂಡು, ಕಬ್ಬಿಣದ ಫ್ರೇಮಿನೊಳಗಿಂದ ಗೋಡೆಯ ಅಕ್ಷರ ಓದುವ ಹಾಗೆ ಓದಿದರು. "ಎರಡು... ಮೂರು, ಸೊನ್ನೆ. ಮೂವತ್ತು."

"ಸರಿಯಾಗಿ ನೋಡಿ ಮೇಷ್ಟ್ರೇ, ನಿಮಗೆ ಕಣ್ಣು ಮಂಜು" ಎಂದರು ಭಾವ.

"ಈಗ ತಾನೇ ಗಾಜು ಹಾಕಿ, ಸರಿಯಾಗಿದೆ ಅಂದವರು ನೀವೇ ಅಲ್ವೇನ್ರಿ? ಕಣ್ಣು ಸುಳ್ಳಾ, ನಿಮ್ಮ ಗಾಜು ಸುಳ್ಳಾ?"

ಇನ್ನು ತಡೆಯಲಾಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ನಿಲ್ದಾಣದ ದನಿ ತೆಗೆದೆ. "ಪ್ರಯಾಣಿಕರ ಗಮನಕ್ಕೆ! ಇಂದು ಫೆಬ್ರವರಿ ಮೂವತ್ತು. ಬಹಳ ವರ್ಷಗಳಿಂದ ತಡವಾಗಿ ಓಡುತ್ತಿರುವ ಅಪ್ಪನ ವಾಚು ಈಗ ಬೀರುವಿನಿಂದ ಹೊರಡಲಿದೆ!" ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಎದುರಿನ ಲಾಂಡ್ರಿಯವನು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದುಕೊಂಡೇ ಇಣುಕಿದ.

ಭಾವನ ಮುಖ ಹುಳ್ಳಗಾಯಿತು. ಅವರು ಏನಾದರೂ ಹೇಳುವ ಮೊದಲೇ ಅಕ್ಕ ಬೀರುವಿನ ಕೀಲಿಕೈಯನ್ನು ಟಕ್ ಎಂದು ಮೇಜಿನ ಮೇಲಿಟ್ಟಳು. "ಮಾತು ನಿಮ್ದೇ ಅಲ್ವಾ? ತೆಗೀರಿ."

ಕನ್ನಡಕದ ಸಣ್ಣ ಸ್ಕ್ರೂಡ್ರೈವರಿನಲ್ಲಿ ಅಲ್ಲೇ, ಭಾವ ತೆಗೆದುಕೊಟ್ಟ ಅಪ್ಪನ ವಾಚಿನ ಹಿಂಬದಿ ಬಿಚ್ಚಿದೆ. ಸೆಲ್ಲುಗಳ ಸುತ್ತ ಬಿಳೀ ಪುಡಿ ಕಟ್ಟಿತ್ತು, ಒಂದು ತಾಮ್ರದ ಪಟ್ಟಿ ಹಸಿರಾಗಿ ಕೂದಲಷ್ಟು ಉಳಿದಿತ್ತು. ಭಾವ ಬಗ್ಗಿ ನೋಡಿ, "ಹೀಗಾಗುತ್ತೆ ಅಂತ ನಿಜವಾಗ್ಲೂ ಗೊತ್ತಿರಲಿಲ್ಲ ಕಣಮ್ಮ" ಎಂದು ಮೇಜಿನ ದೀಪವನ್ನು ತಾವೇ ಹತ್ತಿರ ಹಿಡಿದರು. ಚೀಲದಲ್ಲಿದ್ದ ವಿನೆಗರ್, ಹತ್ತಿ, ಬ್ರಷ್ಷು ತೆಗೆದು ಉಜ್ಜಿದೆ. ಮೂಲೆಯಲ್ಲಿ ಮಾತ್ರ ಒಂದು ಬಿಳಿ ಗೀರು ಹೋಗಲಿಲ್ಲ. ಅದು ಸೆಲ್ಲಿನದಲ್ಲ, ಬೇಕರಿಯ ಹಿಟ್ಟು. ಅದನ್ನು ಹಾಗೇ ಬಿಟ್ಟೆ.

ಹೊಸ ಸೆಲ್ಲು ಹಾಕಿ, ಮುಚ್ಚಿ, ಕೈಗೆ ಕಟ್ಟಿಕೊಂಡೆ. ಗುಂಡಿಯ ಮೇಲೆ ಬೆರಳಿಡುವಷ್ಟರಲ್ಲಿ ಅಕ್ಕ ಮೇಜು ಬಳಸಿ ಬಂದಳು. "ನಾನು ಒತ್ತಲಾ? ಅಪ್ಪ ಯಾವತ್ತೂ ನಿನ್ನನ್ನೇ ಕರೀತಿದ್ರು. ಒಂದು ಸಲಾನೂ ನಂಗೆ ಒತ್ತೋಕೆ ಬಿಡ್ಲಿಲ್ಲ."

ಇಷ್ಟು ವರ್ಷ ಅವಳು ಯಾಕೆ ತಲೆ ತಗ್ಗಿಸಿ ತಿರುಪು ತಿರುಗಿಸುತ್ತಿದ್ದಳೆಂದು ಆಗ ತಿಳಿಯಿತು. ನನ್ನ ಕಣ್ಣು ತುಂಬಿಬಂತು. ಮಣಿಕಟ್ಟು ಚಾಚಿದೆ. "ಒತ್ತು ಅಕ್ಕ."

ಅಕ್ಕ ಒತ್ತಿದಳು. ಕೆಂಡದಂಥ ಅಂಕಿಗಳು ಹೊತ್ತಿಕೊಂಡವು. ಅಂಕಿಗಳು ತಪ್ಪೇ ಇದ್ದವು, ಇನ್ನೂ ಸರಿಮಾಡಿರಲಿಲ್ಲ. ಆದರೂ ಇಬ್ಬರೂ ಸೇರಿ ಅಂಗಡಿ ಹಾರಿಹೋಗುವ ಹಾಗೆ ಆ ಗಂಟೆ ಕೂಗಿದೆವು. ಮೇಷ್ಟ್ರು ಫ್ರೇಮು ಹೊತ್ತುಕೊಂಡೇ ಚಪ್ಪಾಳೆ ಹೊಡೆದರು.

ಹೊರಡುವಾಗ ಭಾವ ಬೂದು ವಾಚನ್ನು ಅಂಗೈಯಲ್ಲಿಟ್ಟುಕೊಂಡು ಆಸೆಯಿಂದ ತಿರುಗಿಸಿ ನೋಡುತ್ತಿದ್ದರು. "ಬೀರು ಖಾಲಿ ಆಯ್ತಲ್ಲಮ್ಮ. ಇದನ್ನಾದ್ರೂ ಕೊಡ್ತೀಯಾ?"

ನಾನು ಅವರ ಅಂಗೈಯಿಂದ ವಾಚನ್ನು ಎತ್ತಿಕೊಂಡು ಚೀಲಕ್ಕೆ ಹಾಕಿದೆ.

"ಕೊಡ್ತೀನಿ ಭಾವ, ಕೊಡದೆ ಎಲ್ಲಿಗೆ ಹೋಗ್ಲಿ? ಫೆಬ್ರವರಿ ಮೂವತ್ತೊಂದಕ್ಕೆ ಬನ್ನಿ."