ಮೇಲಿನ ಪಟ್ಟಿ

ಮೈದುನ ಉತ್ತಮ, ಸ್ಪೀಕರಿನ ವೈರನ್ನು ಪ್ಲಗ್ಗಿಗೆ ಚುಚ್ಚುತ್ತಿದ್ದಂತೆ, ಗಂಡ ಮಚ್ಛೇಂದ್ರನ ಶವದ ಪಕ್ಕ ಕೂತಿದ್ದ ಅಂಜನಾಬಾಯಿ ಕೈ ಎತ್ತಿದಳು.

"ಅದು ಬ್ಯಾಡ ಉತ್ತಮ. ತೆಗಿ."

"ಬುದ್ಧ ವಂದನಾದ ರೆಕಾರ್ಡಿಂಗ್ ಅದಾರಿ ವೈನಿ. ಸಾಯಗಾಂವದಿಂದ ಇದರ ಸಲುವಾಗೇ ಹೊತ್ಕೊಂಡು ಬಂದೀನಿ. ನೀವೆಲ್ಲಾ ಅಳ್ಕೋತ ಹ್ಯಾಂಗ ಹಾಡ್ತೀರಿ?"

"ನಿಮ್ಮಣ್ಣ ಎಂದಾದ್ರೂ ಡಬ್ಬಿ ಹಾಡು ಕೇಳ್ಯಾರೇನು?"

ಬೀದರಿನ ಚಿದ್ರಿಯ ಆ ಮನೆಯಲ್ಲಿ ರೇಡಿಯೋ ಕೆಟ್ಟು ಹದಿನೈದು ವರ್ಷವಾಗಿತ್ತು. ಊರಿಗೆಲ್ಲ ಕರೆಂಟು ಸರಿಮಾಡಿಕೊಟ್ಟ ಲೈನ್‌ಮನ್ ಮಚ್ಛೇಂದ್ರ ಅದಕ್ಕೊಂದು ಸ್ಕ್ರೂಡ್ರೈವರ್ ಮುಟ್ಟಿಸಿರಲಿಲ್ಲ. ಹಾಡುವವರು ಎದುರಿಗೆ ಕೂತಿರಬೇಕು, ಅವರು ಉಸಿರೆಳೆಯುವುದು ಕೇಳಿಸಬೇಕು, ಅದೂ ಒಬ್ಬರೇ ಹಾಡಬೇಕು. ಪಗಾರ ಲೈನ್‌ಮನ್‌ದು, ನಖರಾ ಮಾತ್ರ ನವಾಬನದು.

ಒಬ್ಬರೇ ಹಾಡಬೇಕು ಎಂಬುದೇ ಅಂಜನಾಬಾಯಿಯನ್ನು ಚುಚ್ಚುತ್ತಿತ್ತು. ಬುದ್ಧ ವಿಹಾರದ ಮಹಿಳಾ ಮಂಡಳಕ್ಕೆ ಅವಳೇ ಮುಂದಾಳು. ಪ್ರತಿ ಹುಣ್ಣಿಮೆಗೆ ಹನ್ನೆರಡು ಹೆಂಗಸರು ದನಿಗೂಡಿಸಿದ ಕೂಡಲೇ ಮಚ್ಛೇಂದ್ರ ಮೆಲ್ಲಗೆ ಎದ್ದು ಹೊರಗಿನ ಕಟ್ಟೆಗೆ ಹೋಗಿಬಿಡುತ್ತಿದ್ದ.

"ಹಂಗಾರ ನಾವೇ ಹಾಡೂಣು ಅವ್ವಾ. ಮಂಡಳದವ್ರು ಎಲ್ಲಾರೂ ಬಂದಾರ," ಎಂದಳು ಮಗಳು ಸಪನಾ.

"ಇಷ್ಟ ವರ್ಷ ಎದ್ದು ಹೊರಗ ಹೋಗ್ತಿದ್ರು. ಇವತ್ತ ಏಳ್ಲಕ ಬರಲಾರ್ದಂಗ ಮಲಗ್ಯಾರ ಅಂತ ಹಿಡಿದು ಕೇಳಿಸ್ಲೇನು?"

ಒಂದು ಗಂಟೆಗೆ ಶವ ಎತ್ತಬೇಕಿತ್ತು. ವಂದನೆಯಿಲ್ಲದೆ ಯಾರನ್ನೂ ಕಳಿಸುವ ಪದ್ಧತಿ ಅವರಲ್ಲಿಲ್ಲ.

*

ಅದೇ ವರ್ಷದ ಏಪ್ರಿಲ್‌ನಲ್ಲಿ ಭಾಲ್ಕಿಯಲ್ಲೊಂದು ಮಧ್ಯಾಹ್ನದ ಸಂಗೀತ. ಮಚ್ಛೇಂದ್ರ ಗೆಳೆಯ ಅಯ್ಯುಬನ ಜೊತೆಗೆ ಅಂದು ಹೆಂಡತಿಯನ್ನೂ ಕರೆದೊಯ್ದಿದ್ದ. ಗಾಯಕಿ ಭೀಮಪಲಾಸಿ ರಾಗ ಎತ್ತಿಕೊಂಡು ಹತ್ತು ನಿಮಿಷವಾಗಿರಲಿಲ್ಲ, ಕರೆಂಟು ಹೋಯಿತು. ಮೈಕು ಬಂದ್, ಪಂಖ ಬಂದ್. ಸಂಘಟಕರು ಬಗ್ಗಿಕೊಂಡು ಓಡಿಬಂದರು.

"ಮಚ್ಛೇಂದ್ರ ಅವ್ರ, ನಿಮ್ಮ ಕೈಯಾಗಿನ ಕೆಲಸ. ಜರಾ ನೋಡ್ರಿ."

"ನೋಡ್ತೀನ್ರಿ. ಮೊದಲ ಹಾಡು ಮುಗೀಲಿ."

ಮುಕ್ಕಾಲು ತಾಸು ಜನ ಬೆವರು ಒರೆಸಿಕೊಂಡರು, ಆತನನ್ನು ಬೈದುಕೊಂಡರು, ಆಮೇಲೆ ಬೈಯುವುದನ್ನೂ ಮರೆತು ಕೇಳಿದರು. ಹಾಡು ಮುಗಿದ ಮೇಲೆ ಆತ ಹೋಗಿ ಎರಡು ನಿಮಿಷದಲ್ಲಿ ಫ್ಯೂಸ್ ಹಾಕಿ ಬಂದ.

ಮರಳುವಾಗ ಬಸ್ಸಿನಲ್ಲಿ ಅಂಜನಾಬಾಯಿ ಧೈರ್ಯ ಮಾಡಿ ಕೇಳಿದಳು: "ನಾ ವಿಹಾರದಾಗ ಹಾಡೂದು ಯಾಕ ಸೇರಂಗಿಲ್ರಿ ನಿಮಗ?"

"ಅಲ್ಲಿ ನೀ ಎಲ್ಲಿ ಹಾಡ್ತಿ?" ಎಂದ ಮಚ್ಛೇಂದ್ರ.

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ತಾನು ಹಾಡುವುದು ಹಾಡೇ ಅಲ್ಲ ಎಂದು ಗಂಡ ಹೇಳಿಬಿಟ್ಟ ಮೇಲೆ ಕೇಳುವುದೇನು ಉಳಿಯಿತು? ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

*

"ಭಾಬಿ, ಒಂದ್ ಮಾತ್ರಿ," ಎಂದ ಅಯ್ಯುಬ ಬಾಗಿಲ ಬಳಿಯಿಂದ. ಬಿದರಿ ಕೆತ್ತನೆಯ ಕೆಲಸದವನು. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದ. "ಕಟ್ಟಿ ಮ್ಯಾಲ ಅವನ ಜೋಡಿ ನಾನೂ ಕೂಡ್ತಿದ್ದೆ. ನಿಮ್ಮ ಹಾಡು ಮುಗಿಯೂತನಕ ಒಂದ್ ಮಾತಾಡ್ತಿದ್ದಿಲ್ಲ ಅವ. ಅವನ ಸಿಟ್ಟು ಬ್ಯಾರೆ ಇತ್ರಿ. ರೊಟ್ಟಿ ಬಡೀವಾಗ ಮನ್ಯಾಗ ಹಾಡ್ತೀರಲ್ಲ, ಅದು ಮ್ಯಾಲಿನ ಪಟ್ಟಿ. ವಿಹಾರದಾಗ ಎಲ್ಲಾರಿಗೂ ನಿಲುಕಲಿ ಅಂತ ಇಳಿಸ್ತೀರಿ. ಆಕಿ ಅಲ್ಲಿ ಹಾಡೂದೇ ಇಲ್ಲ, ಮಂದೀನ್ನ ಹಾಡಿಸ್ತಾಳ ಅಂತಿದ್ದ."

ಪಟ್ಟಿ ಎಂದರೆ ಹಾಡುವವರು ಹಿಡಿಯುವ ಶ್ರುತಿ. ಔರಾದ ಕಡೆಯ ಡಾಬಕಾದಲ್ಲಿ ಬೆಳೆದ ಅಂಜನಾಬಾಯಿಯದು ಹೊಲದ ಈ ಬದುವಿನಿಂದ ಆ ಬದುವಿಗೆ ಮುಟ್ಟುವ ದನಿ. ಅದನ್ನು ಇಳಿಸಿ ಇಳಿಸಿ, ಇಳಿಸುತ್ತಿದ್ದೇನೆಂಬುದೇ ಅವಳಿಗೆ ಮರೆತುಹೋಗಿತ್ತು.

"ಇಷ್ಟು ನನಗ ಹೇಳ್ಲಕ ಏನಾಗಿತ್ತು ಇವ್ರಿಗಿ?"

"ಬಸ್ಸಿನ್ಯಾಗ ಹೇಳೀನಿ, ಆಕಿ ಆ ಕಡಿ ಮಾರಿ ಮಾಡಿದ್ಳು ಅಂದ. ದಿನಾ ಮುಂಜಾನಿ ಅಡಿಗಿ ಮನ್ಯಾಗ ಹಾಡಿನ ಮೈಫಿಲ್ ಆಗ್ತದ, ಆಕಿ ಉಪಕಾರ ಹ್ಯಾಂಗ ತೀರಸ್ಲಿ ಅಂತಿದ್ದ."

ಅಂಜನಾಬಾಯಿಗೆ ಅಳುವಿನ ನಡುವೆಯೇ ನಗು ಬಂತು. ನಲವತ್ತು ವರ್ಷ ಒಬ್ಬ ಮನುಷ್ಯ ತನ್ನನ್ನು ಇಷ್ಟು ಗಮನವಿಟ್ಟು ಕೇಳಿದ್ದನಲ್ಲ. ಇದಕ್ಕಿಂತ ಹೆಚ್ಚು ಯಾರಿಗೆ ಏನು ಸಿಗುತ್ತದೆ? ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮಂಡಳದವರ ಕಡೆ ತಿರುಗಿದಳು.

"ನಾ ಮ್ಯಾಲ ಹೋಗ್ತೀನಿ. ನಿಮಗ ನಿಲುಕಿದ್ರ ಬರ್ರಿ, ಇಲ್ಲಾದ್ರ ಕೆಳಗೇ ಹಾಡ್ರಿ."

ಮೊದಲ ಸಾಲಿಗೇ ಹೆಂಗಸರು ಕಕ್ಕಾಬಿಕ್ಕಿಯಾದರು. ಇಬ್ಬರು ಏರಲು ಹೋಗಿ ಕೆಮ್ಮಿದರು. ಸಪನಾ ಜಾಣೆ, ಕೆಳಗಿನ ಶ್ರುತಿಯನ್ನೇ ಹಿಡಿದಳು. ಉಳಿದವರು ಅವಳ ಹಿಂದೆ ಬಂದರು. ಅಷ್ಟೂ ದನಿಗಳ ಮೇಲೆ ಅಂಜನಾಬಾಯಿಯ ದನಿ ಒಂದೇ ನಿಂತಿತು. ಉತ್ತಮ ಪ್ಲಗ್ಗು ಕಿತ್ತು ವೈರನ್ನು ಸುತ್ತಿಟ್ಟ.

ವಂದನೆ ಮುಗಿಯಿತು. ಎಲ್ಲರೂ ಕೈಮುಗಿದು ಮೂರು ಸಲ 'ಸಾಧು' ಎನ್ನುವುದು ಪದ್ಧತಿ. ಆದರೆ ಮೊದಲ 'ಸಾಧು' ಹೊರಡುವ ಮುಂಚೆಯೇ ಬಾಗಿಲಿನಿಂದ ದೊಡ್ಡ ದನಿ ಬಂತು:

"ವ್ಹಾ!"

ಎಲ್ಲರೂ ತಿರುಗಿ ನೋಡಿದರು. ಅಯ್ಯುಬ ನಾಲಿಗೆ ಕಚ್ಚಿಕೊಂಡು ಗೋಡೆಗೆ ಸರಿದ. ಅಂಜನಾಬಾಯಿ ಮಾತ್ರ, ಮೆಚ್ಚುಗೆ ಕೇಳಿದ ಗಾಯಕಿಯರು ವೇದಿಕೆಯ ಮೇಲೆ ಮಾಡುವ ಹಾಗೆ, ಬಲಗೈಯನ್ನು ಹಣೆಗೆ ಒಯ್ದು ಗಂಡನ ಕಡೆಗೆ ತಲೆಬಾಗಿದಳು.